ಅತ್ತಿಗೆಯ ನಿದ್ದೆ

ನವೆಂಬರ್ 15, ಶನಿವಾರ

ಇವತ್ತು ಏಕಾದಶಿ. ನೀರು ಬಿಟ್ಟರೆ ಬೇರೆ ಏನೂ ಇಲ್ಲ. ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡಿ, ಅಂಗಳ ಸಾರಿಸಿ, ರಂಗೋಲಿ ಇಟ್ಟು, ದೇವರ ಪಾತ್ರೆಗಳನ್ನು ಹುಣಸೆಹುಳಿ ಹಾಕಿ ತಿಕ್ಕಿದೆ. ಆಮೇಲೆ ಅತ್ತಿಗೆಯನ್ನು ಎಬ್ಬಿಸಿದೆ. ಹಾಸಿಗೆ ಇವತ್ತೂ ಒದ್ದೆ. ಬಟ್ಟೆಯನ್ನೆಲ್ಲ ಅಕ್ಕಪಕ್ಕದವರು ಏಳುವುದರೊಳಗೆ ತೊಳೆದು ಹಿತ್ತಲ ತಂತಿಗೆ ಹಾಕಿದ್ದಾಯಿತು. ಕಮ್ಮರಡಿ ಪೇಟೆಯ ಮನೆ ಎಂದರೆ ಗೋಡೆಗೆ ಗೋಡೆ. ಯಾರಾದರೂ ನೋಡಿದರೆ ಮರ್ಯಾದೆಯ ಪ್ರಶ್ನೆ.

ಅತ್ತಿಗೆ ಎಂದರೆ ಇವರ ಅಕ್ಕ ಸುಬ್ಬಮ್ಮ. ಗಂಡ ಹೋದ ಮೇಲೆ ನಮ್ಮಲ್ಲೇ ಇದ್ದಾರೆ. ನಾನು ಮದುವೆಯಾಗಿ ಬಂದಾಗ ಈ ಮನೆಯ ಅಡಿಗೆ, ಮಡಿ, ಹಬ್ಬ ಎಲ್ಲ ಕಲಿಸಿದವರು ಅವರೇ. ಹೋದ ವರ್ಷದಿಂದ ಕಾಲು ನೆಲಕ್ಕೆ ಅಂಟಿದ ಹಾಗೆ ಎಳೆದುಕೊಂಡು ನಡೆಯುತ್ತಾರೆ. ಹೇಳಿದ್ದು ನೆನಪಿಲ್ಲ. ಬಚ್ಚಲಿಗೆ ಹೋಗಬೇಕೆಂದು ಗೊತ್ತಾಗುವುದರೊಳಗೆ ಆಗಿಬಿಟ್ಟಿರುತ್ತದೆ.

ಉತ್ಥಾನ ದ್ವಾದಶಿಯ ದಿನ ಶೃಂಗೇರಿಗೆ ಹೋಗಿ ಅಮ್ಮನವರ ಎದುರು ನಿಂತು ಹರಕೆ ಹೇಳಿಕೊಂಡಿದ್ದೇನೆ. ಒಂದು ಮಂಡಲ ಅತ್ತಿಗೆ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ತಣ್ಣೀರು ಸ್ನಾನ ಮಾಡಿ, ಒಂದೆಲಗದ ರಸ ಕುಡಿದು, ಬೆಳಕು ಹರಿಯುವವರೆಗೆ ಜಪಕ್ಕೆ ಕೂರುವುದು. ನೆನಪು ಕೊಡುವ ತಾಯಿ ಅವಳೇ ತಾನೆ. ಹರಕೆ ತೀರುವವರೆಗೆ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಫಲ ಹೋಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಅದಕ್ಕೇ ಇವರಿಗೂ ಹೇಳಿಲ್ಲ. ಇವರು ಮದುವೆಮನೆಗಳ ಅಡಿಗೆ ಮುಗಿಸಿ ಬಂದು ಮಹಡಿಯ ಮೇಲೆ ಮಲಗುತ್ತಾರೆ. ಕೆಳಗಿನದು ಗೊತ್ತಾಗುವುದಿಲ್ಲ.

ನೀರು ಹೊಯ್ಯುವಾಗ ಅತ್ತಿಗೆ ಹಲ್ಲು ಕಟಕಟ ಎನ್ನಿಸುತ್ತಾ, "ನಿನ್ನ ದೇವರಿಗೆ ನಿದ್ದೆ ಬರೂದಿಲ್ವಾ ಕೂಸೇ?" ಎಂದರು. ಇಂಥ ಮಾತಿಗೆ ಉತ್ತರ ಕೊಡಬಾರದು. ಇನ್ನೊಂದು ಚೆಂಬು ಹೊಯ್ದೆ.

ನವೆಂಬರ್ 18, ಮಂಗಳವಾರ

ಆಶಾ ಕಾರ್ಯಕರ್ತೆ ಕಾವ್ಯ ಬಂದಿದ್ದಳು. ಶುಕ್ರವಾರ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಅತ್ತಿಗೆಯನ್ನು ಕರೆದುಕೊಂಡು ಹೋಗಬೇಕು. ಕೊಪ್ಪದ ಶಿಬಿರದಲ್ಲಿ ಅತ್ತಿಗೆಯನ್ನು ನೋಡಿದ್ದ ನಯನ ಡಾಕ್ಟರೇ ಅಲ್ಲಿರುತ್ತಾರಂತೆ.

ತಲೆಯೊಳಗೆ ನೀರು ಹೆಚ್ಚಾಗಿ ನಿಂತಿರಬಹುದು ಎಂಬುದು ಅವರ ಅನುಮಾನ. ಬೆನ್ನುಮೂಳೆಯ ಹತ್ತಿರ ಸೂಜಿ ಹಾಕಿ ಸ್ವಲ್ಪ ನೀರು ತೆಗೆದು ನೋಡುತ್ತಾರೆ. ನಡಿಗೆ ಸುಧಾರಿಸಿದರೆ, ತಲೆಯಿಂದ ಹೊಟ್ಟೆಗೆ ಸಣ್ಣ ಕೊಳವೆ ಇಡುವ ಆಪರೇಷನ್ ಮಾಡಬಹುದು. ನೀರು ತೆಗೆಯುವುದಕ್ಕೂ ಮೊದಲು, ಬೆನ್ನಿಗೇ ಇನ್ನೊಂದು ಸೂಜಿಯಲ್ಲಿ ಒಂದು ಮದ್ದು ಬಿಡುತ್ತಾರೆ. ಆ ಮದ್ದು ಮಿದುಳಿನ ನೀರಿನ ಜೊತೆ ಹೇಗೆ ಮೇಲೆ ಹೋಗುತ್ತದೆ, ಹೇಗೆ ಖಾಲಿಯಾಗುತ್ತದೆ ಎಂದು ಅದೇ ದಿನ ಮತ್ತು ಮಾರನೇ ದಿನ ಎಂ.ಆರ್.ಐ. ಮಿಷನ್ನಿನಲ್ಲಿ ಚಿತ್ರ ತೆಗೆಯುತ್ತಾರೆ. ಇದು ಡಾಕ್ಟರ ಸಂಶೋಧನೆಗೆ, ಬೇಡವಾದರೆ ಬಿಡಬಹುದು ಎಂದೂ ಹೇಳಿದಳು. ಬದುಕಿರುವ ಮನುಷ್ಯರ ತಲೆಯಲ್ಲಿ ಇದನ್ನು ನೋಡಲು ಈಚೆಗಷ್ಟೇ ಆಗುತ್ತಿದೆಯಂತೆ, ಮೊದಲೆಲ್ಲ ಇಲಿಗಳಲ್ಲಿ ನೋಡುತ್ತಿದ್ದರಂತೆ. ಅತ್ತಿಗೆ ಅದನ್ನು ಕೇಳಿ, "ಇಲಿಗಾದ ಮೇಲೆ ನಂಗೆ, ಅಡ್ಡಿಲ್ಲ" ಎಂದು ಸಹಿ ಹಾಕಿದರು. ಅಕ್ಷರ ಮಾತ್ರ ಮೊದಲಿನ ಹಾಗೇ ದುಂಡಗಿದೆ.

ಆಸ್ಪತ್ರೆಯಲ್ಲಿ ಅವರನ್ನು ಚೆನ್ನಾಗಿ ನಿದ್ದೆ ಮಾಡಲು ಬಿಡಬೇಕು ಎಂದು ಕಾವ್ಯ ಎರಡೆರಡು ಸಲ ಹೇಳಿದಳು. ಅವರು ಮಲಗುವುದಕ್ಕೂ ಮದ್ದಿಗೂ ಎಂತ ಸಂಬಂಧವೋ. ಹೂಂ ಎಂದೆ.

ನವೆಂಬರ್ 22, ಶನಿವಾರ, ಆಸ್ಪತ್ರೆ

ಇವರಿಗೆ ನರಸಿಂಹರಾಜಪುರದಲ್ಲಿ ಮದುವೆಯ ಅಡಿಗೆ. ಹಾಗಾಗಿ ನಾನೊಬ್ಬಳೇ ಅತ್ತಿಗೆಯ ಜೊತೆ. ನಿನ್ನೆ ಸೂಜಿ ಹಾಕಿದಾಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು. ಅತ್ತದ್ದಿಲ್ಲ. ಮಿಷನ್ನಿನೊಳಗೆ ಹೋಗಿ ಬಂದ ಮೇಲೆ, "ಒಳಗೆ ಯಾರೋ ಅವಲಕ್ಕಿ ಕುಟ್ತಾ ಇದ್ರು" ಎಂದರು.

ಹರಕೆ ತಪ್ಪಲಿಲ್ಲ. ಅಷ್ಟು ಸಾಕು. ವಾರ್ಡಿನವರೆಲ್ಲ ಮಲಗಿದ್ದಾಗಲೇ ಅತ್ತಿಗೆಯನ್ನು ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋದೆ. ಬೆನ್ನಿನ ಪಟ್ಟಿ ನೆನೆಯದ ಹಾಗೆ ಪ್ಲಾಸ್ಟಿಕ್ ಹಿಡಿದು ನೀರು ಹೊಯ್ದೆ. ಮನೆಯಿಂದ ತಂದಿದ್ದ ರಸ ಕುಡಿಸಿದೆ. ಮಂಚದ ಮೇಲೆ ಕೂರಿಸಿ, ಕಣ್ಣು ಮುಚ್ಚಿದಾಗಲೆಲ್ಲ ಭುಜ ಅಲುಗಾಡಿಸಿ ಜಪ ಹೇಳಿಸಿದೆ. ಬೆಳಕು ಹರಿಯುವವರೆಗೆ ಬಿಡಲಿಲ್ಲ.

ಬೆಳಿಗ್ಗೆ ನರ್ಸಮ್ಮ ಬಂದು, ನಿದ್ದೆ ಹೇಗಾಯಿತು ಎಂದು ಕೇಳಿ ಬರೆದುಕೊಂಡಳು. ಚೆನ್ನಾಗಿ ಮಲಗಿದ್ದರು ಎಂದೆ. ಹರಕೆಯ ವಿಷಯ ಹೇಳುವ ಹಾಗಿಲ್ಲವಲ್ಲ. ಅಷ್ಟರಲ್ಲಿ ಅತ್ತಿಗೆ ಆ ಹುಡುಗಿಯನ್ನು ನೋಡಿ, "ಕಲ್ಲುಮನಸ್ಸಿನವಳು, ಹತ್ತಿರ ಬರಬೇಡ" ಎಂದು ಬೈದರು. ಹುಡುಗಿಯ ಮುಖ ಸಣ್ಣದಾಯಿತು. ಯಾಕೆ ಬೈದರೋ. ನಾನು ಚಾದರ ಮಡಿಸುತ್ತಾ ಇದ್ದೆ.

ಎರಡನೇ ಚಿತ್ರ ಆಯಿತು. ಮಧ್ಯಾಹ್ನದ ಮೇಲೆ ನೀರು ತೆಗೆದರು.

ನವೆಂಬರ್ 25, ಮಂಗಳವಾರ

ಮನೆಗೆ ಬಂದಾಯಿತು. ನೀರು ತೆಗೆದ ಮಾರನೇ ದಿನ ಅತ್ತಿಗೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಕಾಲೆತ್ತಿ ನಡೆದರು. ನಾನು ಕಣ್ಣಾರೆ ನೋಡಿದೆ. ಇದು ಸ್ವಲ್ಪ ದಿನ ಮಾತ್ರ ಇರುತ್ತದೆ, ಆಮೇಲೆ ಮತ್ತೆ ಮೊದಲಿನ ಹಾಗೇ ಆಗುತ್ತದೆ ಎಂದು ನಯನ ಡಾಕ್ಟರು ಮೊದಲೇ ಹೇಳಿದ್ದರು. ಅಮ್ಮನವರ ದಯೆ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಇವತ್ತು ಆಗಲೇ ಕಾಲು ಎಳೆಯುತ್ತಿದ್ದಾರೆ.

ಡಿಸೆಂಬರ್ 3, ಬುಧವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಇನ್ನೂ ಕಷ್ಟ.

ನಯನ ಡಾಕ್ಟರು ಕೊಪ್ಪಕ್ಕೆ ಬಂದಿದ್ದರು. ನಾವು ಮೂವರೂ ಹೋದೆವು. ಲ್ಯಾಪ್‌ಟಾಪಿನಲ್ಲಿ ಅತ್ತಿಗೆಯ ತಲೆಯ ಚಿತ್ರ ತೋರಿಸಿದರು. ಅತ್ತಿಗೆ ಬಗ್ಗಿ ನೋಡಿ, "ಇದು ನನ್ನ ತಲೆಯಾ? ಹೂಕೋಸಿನ ಹಾಗೆ ಉಂಟು" ಎಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ಕೊನೆ.

ಮೊದಲ ದಿನದ ಚಿತ್ರದಲ್ಲಿ ಮದ್ದು ತಲುಪಿದ ಕಡೆಯೆಲ್ಲ ಬೆಳ್ಳಗೆ ಕಾಣುತ್ತದೆ. ಮಾರನೇ ದಿನದ ಚಿತ್ರದಲ್ಲಿ ಆ ಬಿಳಿ ಬಹುಪಾಲು ಇಳಿದಿರಬೇಕು. ಅತ್ತಿಗೆಯದು ಇಳಿದೇ ಇಲ್ಲ, ಅಲ್ಲಲ್ಲೇ ನಿಂತಿದೆ. ಡಾಕ್ಟರು ನಮಗೆ ಅರ್ಥವಾಗುವ ಹಾಗೆ ಹೇಳಿದರು. ಮಿದುಳಿನ ಸುತ್ತ ಇರುವ ನೀರು ರಕ್ತನಾಳಗಳ ಪಕ್ಕದ ಸಂದಿಯಲ್ಲಿ ಒಳಗೆ ಹರಿದು, ದಿನವಿಡೀ ಸೇರಿದ ಕಸವನ್ನು ತೊಳೆದುಕೊಂಡು ಹೊರಗೆ ಹೋಗುತ್ತದೆ. ಆ ತೊಳೆಯುವ ಕೆಲಸ ನಿದ್ದೆಯಲ್ಲೇ ಹೆಚ್ಚು ನಡೆಯುತ್ತದೆ ಎಂದು ಕಾಣುತ್ತದೆ, ಇನ್ನೂ ಪೂರ್ತಿ ಗೊತ್ತಾಗಿಲ್ಲ. ಒಂದೇ ರಾತ್ರಿ ನಿದ್ದೆ ಕೆಟ್ಟರೂ ಚಿತ್ರದಲ್ಲಿ ವ್ಯತ್ಯಾಸ ಕಾಣಿಸುತ್ತದೆ.

ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತು ರಾತ್ರಿ ಅವರು ಚೆನ್ನಾಗಿ ಮಲಗಿದ್ರು, ಅಲ್ವಾ ಅಮ್ಮ?"

ಇವರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಹೌದು ಎಂದು ತಲೆಯಾಡಿಸಿದೆ.

ಈ ಚಿತ್ರ ನಮ್ಮ ಅಧ್ಯಯನಕ್ಕೆ ಮಾತ್ರ, ಇದನ್ನು ನೋಡಿ ಆಪರೇಷನ್ ಬೇಕು, ಬೇಡ ಎಂದು ತೀರ್ಮಾನ ಮಾಡಬೇಡಿ, ನೀರು ತೆಗೆದ ಮೇಲೆ ನಡಿಗೆ ಸುಧಾರಿಸಿತಲ್ಲ, ಅದೇ ಮುಖ್ಯ ಎಂದು ಡಾಕ್ಟರು ಇವರಿಗೆ ಬಿಡಿಸಿ ಹೇಳಿದರು. ಇವರ ಕಣ್ಣು ಮಾತ್ರ ಆ ಬಿಳಿಯ ಮೇಲೇ ಇತ್ತು.

ಬಸ್ಸಿನಲ್ಲಿ ಅತ್ತಿಗೆ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದರು. ಅಲುಗಾಡದೆ ಕುಳಿತೆ. ಕಮ್ಮರಡಿ ಬಂದರೂ ಎಬ್ಬಿಸಲು ಕೈ ಬರಲಿಲ್ಲ. ಕಂಡಕ್ಟರ್ ಕೂಗಿದ ಮೇಲೆ ಎದ್ದರು.

ಡಿಸೆಂಬರ್ 4, ಗುರುವಾರ

ಜಾವದಲ್ಲಿ ಎದ್ದೆ. ಅತ್ತಿಗೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಚಳಿ ಜೋರಾಗಿತ್ತು, ಅದಕ್ಕೇ ಎಬ್ಬಿಸಲಿಲ್ಲ. ಹರಕೆ ತಪ್ಪಿತು. ಅಮ್ಮಾ, ನಿನ್ನ ಮುಖ ನೋಡುವ ಹಾಗೂ ಇಲ್ಲ, ಅವರ ಮುಖ ನೋಡುವ ಹಾಗೂ ಇಲ್ಲ.

ಡಿಸೆಂಬರ್ 7, ಭಾನುವಾರ

ಇವರು ಆಪರೇಷನ್ ಬೇಡ ಎಂದು ನಿಶ್ಚಯ ಮಾಡಿದ್ದಾರೆ. ಊಟ ಬಡಿಸುವಾಗ ಹೇಳಿದರು. ನಡಿಗೆ ಸುಧಾರಿಸಿತ್ತಲ್ಲ, ಡಾಕ್ಟರು ಅದೇ ಮುಖ್ಯ ಎಂದರಲ್ಲ ಎಂದೆ.

"ಡಾಕ್ಟರು ಧೈರ್ಯಕ್ಕೆ ಹೇಳ್ತಾರೆ ಮಾರಾಯ್ತಿ. ನಾನು ಕಣ್ಣಾರೆ ನೋಡಿದೆ. ಅಷ್ಟು ಕಟ್ಟಿ ನಿಂತ ತಲೆಗೆ ಕೊಳವೆ ಹಾಕಿ ಎಂತ ಮಾಡೂದು? ಈ ವಯಸ್ಸಿನಲ್ಲಿ ಅಕ್ಕನ ತಲೆ ಕೊರೆಸಲಿಕ್ಕೆ ನಂಗೆ ಮನಸ್ಸಿಲ್ಲ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಬಾಯಿ ಎಲ್ಲಿದೆ? ಆ ಬಿಳಿ ಪೂರ್ತಿ ಅತ್ತಿಗೆಯದಲ್ಲ. ಅದರಲ್ಲಿ ನನ್ನ ಪಾಲು ಎಷ್ಟು ಎಂದು ಯಾರು ಹೇಳುತ್ತಾರೆ? ನಾನು ಬಾಯಿಬಿಡದಿದ್ದರೆ ಯಾರೂ ಹೇಳುವುದಿಲ್ಲ. ಅತ್ತಿಗೆ ಹೀಗೇ ಕಾಲೆಳೆಯುತ್ತಾ, ಆಮೇಲೆ ಅದೂ ಇಲ್ಲದೆ ಮಂಚ ಹಿಡಿಯುತ್ತಾರೆ. ಇದೇ ಹದಿನೆಂಟರೊಳಗೆ ಆಸ್ಪತ್ರೆಗೆ ಉತ್ತರ ಕೊಡಬೇಕು.

ತುಪ್ಪ ಬಡಿಸಿದೆ. ಇವರು ಉಂಡು ಎದ್ದರು.

ಡಿಸೆಂಬರ್ 9, ಮಂಗಳವಾರ

ಭಜನೆಯ ಹೆಂಗಸರು ನಮ್ಮ ಮನೆಗೆ ಬಂದಿದ್ದರು. ಬೇರೆ ದಿನಗಳಲ್ಲಿ ಅವರು ಬರುವುದರೊಳಗೆ ಅತ್ತಿಗೆಯನ್ನು ಒಳಕೋಣೆಗೆ ಕಳಿಸಿ ಬಾಗಿಲು ಹಾಕುತ್ತಿದ್ದೆ, ವಾಸನೆ ಬರುತ್ತದೆ ಎಂದು. ಇವತ್ತು ಅತ್ತಿಗೆಯೇ ಬಂದು ಚಾಪೆಯ ಮೇಲೆ ಕುಳಿತರು. ಇರಲಿ ಎಂದು ಬಿಟ್ಟೆ. ಭಜನೆಗೆ ತಾಳ ತಪ್ಪಿಸದೆ ತೊಡೆ ತಟ್ಟಿದರು. ಹಾಡಿನ ಒಂದು ಸಾಲನ್ನೂ ಮರೆತಿಲ್ಲ.

ಹೊರಡುವಾಗ ವನಜಮ್ಮ ಎಲ್ಲರ ಎದುರು, "ಸೇವೆ ಅಂದ್ರೆ ವೇದಾವತಿಯದ್ದು. ನಮ್ಮನೆ ಸೊಸೆಗೆ ಇವಳ ಕಾಲು ತೊಳೆದ ನೀರು ಕುಡಿಸಬೇಕು" ಎಂದರು. ಉಳಿದವರು ಹೌದು ಹೌದು ಎಂದರು. ಕಾಫಿ ಲೋಟ ಎತ್ತುವ ನೆಪದಲ್ಲಿ ಅಡಿಗೆಮನೆಗೆ ಹೋಗಿ ಗೋಡೆ ಕಡೆ ತಿರುಗಿ ನಿಂತೆ. ನನ್ನ ಕಾಲು ತೊಳೆದ ನೀರಂತೆ.

ಡಿಸೆಂಬರ್ 12, ಶುಕ್ರವಾರ

ಕಾವ್ಯ ಬಂದಳು. ಕೆಲವರ ಚಿತ್ರ ಅಂದಾಜಿಗೆ ಹೊಂದುತ್ತಿಲ್ಲವಂತೆ. ಅದಕ್ಕೆ ನಯನ ಡಾಕ್ಟರು ಎಲ್ಲ ಮನೆಯವರನ್ನೂ ಇನ್ನೊಮ್ಮೆ ಕೇಳಿಸುತ್ತಿದ್ದಾರೆ, ಆ ರಾತ್ರಿ ರೋಗಿಯ ನಿದ್ದೆ ನಿಜವಾಗಿ ಹೇಗಿತ್ತು ಎಂದು. ಅದನ್ನೂ ಆಪರೇಷನ್ ವಿಷಯವನ್ನೂ ಒಟ್ಟಿಗೇ ಬರೆದು ಕೊಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದಳು.

ನಿದ್ದೆ ಕೆಟ್ಟಿತ್ತು ಎಂದು ಬರೆದರೆ ಆ ಚಿತ್ರ ಎಂತ ಮಾಡುತ್ತಾರೆ ಎಂದು ಕೇಳಿದೆ. ಬದಿಗಿಡುತ್ತಾರೆ, ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಳು. ಹಾಗಾದರೆ ಅತ್ತಿಗೆ ಬೆನ್ನಿಗೆ ಮದ್ದಿನ ಸೂಜಿ ಹಾಕಿಸಿಕೊಂಡದ್ದು, ಆ ಮಿಷನ್ನಿನಲ್ಲಿ ಅಲುಗಾಡದೆ ಮಲಗಿದ್ದು, ಎಲ್ಲ ಸುಮ್ಮನೆ ಹೋಯಿತು. ನನ್ನಿಂದ.

ಕಾವ್ಯ ನನ್ನ ಮುಖವನ್ನೇ ನೋಡಿದಳು. "ವೇದಕ್ಕಾ, ಯಾರಿಗೂ ಬೈಲಿಕ್ಕೆ ಕೇಳೂದಲ್ಲ ಇದು" ಎಂದು ಹೇಳಿ ಹೋದಳು.

ಡಿಸೆಂಬರ್ 16, ಮಂಗಳವಾರ

ಕ್ಯಾಲೆಂಡರ್ ನೋಡಿದರೆ ಏಕಾದಶಿ ನಿನ್ನೆಯೇ ಮುಗಿದಿದೆ. ನಿನ್ನೆ ಅತ್ತಿಗೆಗೆ ಗಂಜಿ ಮಾಡಿ, ಅವರ ಜೊತೆ ನಾನೂ ಉಂಡಿದ್ದೆ. ಹೀಗೆ ಎಂದೂ ಆದದ್ದಿಲ್ಲ. ಅವರು ಇನ್ನೂ ಎದ್ದಿರಲಿಲ್ಲ ಎಂದು ಬೆಳಗಿನ ಪೂಜೆಗೆ ಗಂಟೆಯನ್ನೂ ಬಾರಿಸಿರಲಿಲ್ಲ.

ಇವತ್ತು ಬಿಸಿಲು ಬಂದ ಮೇಲೆ ಹಂಡೆಯಲ್ಲಿ ನೀರು ಕಾಯಿಸಿ ಅತ್ತಿಗೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದೆ. ಹಿತ್ತಲಲ್ಲಿ ಕೂರಿಸಿ ತಲೆ ಒರೆಸುವಾಗ ಬಾಯಿಗೆ ಬಂದುಬಿಟ್ಟಿತು. ಹರಕೆ ಹೊತ್ತದ್ದು, ದಿನಾ ಎಬ್ಬಿಸಿದ್ದು, ಆಸ್ಪತ್ರೆಯಲ್ಲೂ ಬಿಡದೆ ನೀರು ಹೊಯ್ದು ಕೂರಿಸಿದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು. ಅವರ ಹಿಂದೆ ನಿಂತಿದ್ದೆ, ಅದಕ್ಕೇ ಹೇಳಲು ಆಯಿತು.

ಅತ್ತಿಗೆ ಕಾಲನ್ನು ಬಿಸಿಲಿಗೆ ಚಾಚಿಕೊಂಡರು. ಕೇಳಿಸಿತೋ ಇಲ್ಲವೋ ಎಂದುಕೊಂಡೆ.

"ನೀರು ತಣ್ಣಗಿತ್ತು, ಅದು ಗೊತ್ತುಂಟು" ಎಂದರು. "ಆಸ್ಪತ್ರೆಯಲ್ಲಿ ಹೊಯ್ದದ್ದು ಯಾರು ಅಂತ ಗೊತ್ತಿರಲಿಲ್ಲ."

"ನಾನೇ ಅತ್ತಿಗೆ."

"ನೀನಾ? ನಾನು ಆ ನರ್ಸು ಹುಡುಗಿ ಅಂತ ಎಣಿಸಿದ್ದೆ. ಪಾಪ, ಅವಳಿಗೆ ಬೈದೆ."

ಟವೆಲು ನನ್ನ ಕೈಯಲ್ಲೇ ಉಳಿಯಿತು. ಅವರು ತಿರುಗಿ ನೋಡಲಿಲ್ಲ. ಬೈಯಲೂ ಇಲ್ಲ, ಹೋಗಲಿ ಬಿಡು ಎಂದೂ ಹೇಳಲಿಲ್ಲ. ಕೈ ಹಿಂದೆ ಚಾಚಿ ಟವೆಲು ಇಸಿದುಕೊಂಡು ತಾವೇ ತಲೆ ಒರೆಸಿಕೊಂಡರು. ಬೈದಿದ್ದರೆ ಹಗುರವಾಗುತ್ತಿತ್ತು.

ಡಿಸೆಂಬರ್ 17, ಬುಧವಾರ

ಇವರಿಗೆ ಹೇಳಿದೆ.

ಶ್ರಾದ್ಧದ ಅಡಿಗೆಯೊಂದಕ್ಕೆ ಬೂದುಗುಂಬಳ ಹೆಚ್ಚುತ್ತಾ ಕುಳಿತಿದ್ದರು. ನಾನು ಎದುರು ಕುಳಿತು ಮೊದಲಿಂದ ಹೇಳಿದೆ. ಅರ್ಧಕ್ಕೆ ಇವರ ಕೈ ನಿಂತಿತು. ಮುಗಿದ ಮೇಲೆ, ನನ್ನ ಹತ್ತಿರ ಹೇಳಲಿಕ್ಕೆ ಎಂತ ಆಗಿತ್ತು ಎಂದು ಕೇಳಿದರು. ಹರಕೆ ಬಾಯಿಬಿಟ್ಟು ಹೇಳಬಾರದು ಎಂದು ಸುಮ್ಮನಿದ್ದೆ ಎಂದೆ.

"ಹರಕೆ ನಿಂದು" ಎಂದರು. "ನೀರು ಹೊಯ್ದದ್ದು ಅಕ್ಕನಿಗೆ."

ಇಷ್ಟು ವರ್ಷದಲ್ಲಿ ಇವರು ನನಗೆ ಕೂಗಿ ಬೈದದ್ದುಂಟು. ಇವತ್ತು ಕೂಗಲಿಲ್ಲ. ಹೆಚ್ಚಿದ ಹೋಳು ಅಲ್ಲೇ ಬಿಟ್ಟು ಎದ್ದುಹೋದರು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಉಳಿದ ಕುಂಬಳ ನಾನೇ ಹೆಚ್ಚಿದೆ. ನಾಳೆ ಈ ಸುದ್ದಿ ಭಜನೆಯವರ ಕಿವಿಗೂ ಬೀಳಬಹುದು. ಬೀಳಲಿ. ಕಾಲು ತೊಳೆದ ನೀರಿನ ಮಾತು ಅಷ್ಟಕ್ಕಾದರೂ ನಿಲ್ಲುತ್ತದೆ.

ಸಂಜೆ ಇವರು ಬಂದು ನೇರ ಅತ್ತಿಗೆಯ ಮಂಚದ ಹತ್ತಿರ ಹೋಗಿ ಕುಳಿತರು. ನಾನು ಬಾಗಿಲಲ್ಲಿ ನಿಂತೆ. ಕೊಳವೆ ಎಂದರೇನು, ತಲೆಯಲ್ಲಿ ಎಲ್ಲಿ ಕೊರೆಯುತ್ತಾರೆ, ಗುಣ ಆಗಬಹುದು, ಆಗದೆಯೂ ಇರಬಹುದು, ತೊಂದರೆಯೂ ಆಗಬಹುದು ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ಅತ್ತಿಗೆ ನಡುವೆ ಎರಡು ಸಲ ಮರೆತರು. ಎರಡು ಸಲವೂ ಇವರು ಮೊದಲಿಂದ ಹೇಳಿದರು. ಆಗ ನನಗೆ ಹೊಳೆಯಿತು. ಈ ಮನೆಯಲ್ಲಿ ಬೇಕು ಬೇಡ ಎಂದು ನಾವಿಬ್ಬರೇ ತೂಗುತ್ತಿದ್ದೆವು. ಅವರನ್ನು ಯಾರೂ ಕೇಳಿರಲಿಲ್ಲ.

"ನಿಂಗೆ ಎಂತ ಬೇಕು ಹೇಳಕ್ಕ" ಎಂದರು.

ಅತ್ತಿಗೆ ಒಂದು ಸಲ ನನ್ನ ಕಡೆ, ಒಂದು ಸಲ ಇವರ ಕಡೆ ನೋಡಿದರು.

"ಬಚ್ಚಲಿಗೆ ನಾನೇ ನಡೆದುಕೊಂಡು ಹೋಗಬೇಕು ಸೀತಾರಾಮ. ಮತ್ತೆ ಎಂತದೂ ಬೇಡ. ಅದಕ್ಕೆ ತಲೆ ಕೊರೆಯೂದಾದ್ರೆ ಕೊರೀಲಿ."

ಇವರು ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸಿಕೊಂಡರು. ಆಮೇಲೆ ನನ್ನನ್ನು ನೋಡದೆ, ಉತ್ತರ ನೀನೇ ಬರಿ, ಅಕ್ಕ ಹೂಂ ಅಂದಿದ್ದಾಳೆ ಅಂತಲೂ ಬರಿ ಎಂದರು.

ಬರೆದೆ. ಉದ್ದ ಬರೆಯಲಿಲ್ಲ. ಆ ರಾತ್ರಿ ಸುಬ್ಬಮ್ಮನವರನ್ನು ಅವರ ಪಾಡಿಗೆ ಮಲಗಲು ಬಿಟ್ಟಿಲ್ಲ, ಎಬ್ಬಿಸಿದ್ದು ನಾನು, ತಣ್ಣೀರು ಹೊಯ್ದದ್ದು ನಾನು, ಎರಡು ಸಲ ಸುಳ್ಳು ಹೇಳಿದ್ದೂ ನಾನೇ. ನರ್ಸಮ್ಮನ ತಪ್ಪು ಏನೂ ಇಲ್ಲ, ನನ್ನ ಪರವಾಗಿ ಅವಳ ಹತ್ತಿರ ಕ್ಷಮೆ ಕೇಳಬೇಕು. ಆಪರೇಷನ್‌ಗೆ ಸುಬ್ಬಮ್ಮನವರ ಒಪ್ಪಿಗೆ ಇದೆ. ಕೆಳಗೆ ಅತ್ತಿಗೆ ಸಹಿ ಹಾಕಿದರು, ಅವರ ಕೆಳಗೆ ಇವರು, ಕೊನೆಗೆ ನಾನು. ನನ್ನ ಹೆಸರು ಗೆರೆ ತಪ್ಪಿ ಓರೆಯಾಯಿತು. ಅತ್ತಿಗೆಯದು ದುಂಡಗೇ ಬಂದಿತ್ತು.

ಅಮ್ಮನವರಿಗೆ ಎಂತ ಹೇಳಬೇಕೋ ಇನ್ನೂ ಗೊತ್ತಾಗಿಲ್ಲ. ಮಂಡಲ ಪೂರ್ತಿ ಆಗಲಿಲ್ಲ. ಬಾಯಿಬಿಟ್ಟೂ ಆಯಿತು. ಅವಳ ಎದುರು ಹೋಗಿ ನಿಲ್ಲುವ ಮುಖ ಸದ್ಯಕ್ಕಿಲ್ಲ.

ಕಾವ್ಯನಿಗೆ ಫೋನ್ ಮಾಡಿದೆ. ನನ್ನ ಉತ್ತರ ಸಿದ್ಧವಾಗಿದೆ, ನಾಳೆಯೇ ಬಂದು ತೆಗೆದುಕೊಂಡು ಹೋಗು ಮಾರಾಯ್ತಿ ಎಂದೆ. ಬೆಳಿಗ್ಗೆ ಮೊದಲ ಬಸ್ಸಿಗೇ ಬರುತ್ತೇನೆ ಎಂದಳು.

"ಅಷ್ಟು ಬೇಗ ಬರಬೇಡ" ಎಂದೆ. "ಬಿಸಿಲು ಬಂದ ಮೇಲೆ ಬಾ. ಬಾಗಿಲು ಬಡೀಬೇಡ, ನಾನು ಜಗಲಿಯಲ್ಲೇ ಕೂತಿರ್ತೇನೆ. ಅತ್ತಿಗೆ ಮಲಗಿರ್ತಾರೆ."